ಹುಬ್ಬು ಎತ್ತಿಸೋ ಮೊದ್ಲು ಒಂದ್ಸಲ ರೆಪ್ಪೆ ತೋರ್ಸಿ ಮಾರಾಯ್ರೆ

ಈಗೀಗ ನಮ್ಮ ಕ್ಲಿನಿಕ್ಕಿಗೆ ಬರೋರು ಕಣ್ಣು ತೋರ್ಸೋಕಿಂತ ಮೊದ್ಲು ಮೊಬೈಲ್ ತೋರಿಸ್ತಾರೆ. ಕುರ್ಚೀಲಿ ಸರಿಯಾಗಿ ಕೂತಿರಲ್ಲ, ಆಗ್ಲೇ ಸೆಲ್ಫಿ ತೆಗ್ದು ಎರಡು ಬೆರಳಲ್ಲಿ ಎಳ್ದು ದೊಡ್ಡದು ಮಾಡಿ "ನೋಡಿ ಡಾಕ್ಟ್ರೆ, ಈ ಕಡೆ ಹುಬ್ಬು ಇಳಿದೋಗಿದೆ, ಎಂತಾದ್ರೂ ಮಾಡಿ" ಅಂತಾರೆ. ಮದ್ವೆ ಸೀಸನ್ನಲ್ಲಂತೂ ಕೇಳೋದೇ ಬೇಡ. ಶಿವಮೊಗ್ಗದ ದುರ್ಗಿಗುಡೀಲಿ ಥ್ರೆಡಿಂಗ್ ಮಾಡೋ ಹುಡುಗಿ ಹೇಳಿರ್ತಾಳೆ, ಅತ್ತಿಗೆ ಹೇಳಿರ್ತಾರೆ, ಯಾವ್ದೋ ರೀಲ್‌ನಲ್ಲಿ ಬಂದಿರುತ್ತೆ, ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿದ್ರೆ ಎರಡೂ ಸಮ ಆಗುತ್ತೆ ಅಂತ. ನಾನು ಆ ಫೋನ್ ಪಕ್ಕಕ್ಕೆ ಇಡ್ಸಿ ಮುಖ ನೋಡಿದ್ರೆ, ಇಳಿದಿದೆ ಅಂತ ತೋರ್ಸಿದ ಹುಬ್ಬು ಎಷ್ಟೋ ಸಲ ತನ್ನ ಜಾಗದಲ್ಲೇ ಇರುತ್ತೆ, ಮೇಲೆ ಹೋಗಿರೋದು ಇನ್ನೊಂದು. ಅದು ಎಂತಕ್ಕೆ ಮೇಲೆ ಹೋಯ್ತು ಅಂತ ಹುಡುಕಿದ್ರೆ ಅದರ ಕೆಳಗಿನ ಕಣ್ಣಿನ ರೆಪ್ಪೆ ಜೋತು ಬಿದ್ದಿರುತ್ತೆ. ಎಲ್ರದ್ದೂ ಹಂಗೇ ಅಂತ ಹೇಳಲ್ಲ. ಆದ್ರೆ ಇದನ್ನ ಹೇಳೀ ಹೇಳೀ ನಂಗೆ ಸಾಕಾಗಿದೆ, ಅದಕ್ಕೇ ಬರೀತಿರೋದು.

ಮೊದ್ಲು ಸೆಲ್ಫಿ ವಿಷ್ಯ ಮುಗ್ಸಿಬಿಡ್ತೀನಿ. ಒಂದು ಮೊಳ ದೂರದಿಂದ ತೆಗೆದ ಫೋಟೋದಲ್ಲಿ ಕ್ಯಾಮೆರಾಗೆ ಹತ್ರ ಇರೋ ಭಾಗ ದೊಡ್ಡದಾಗಿ ಕಾಣುತ್ತೆ, ತಲೆ ಸ್ವಲ್ಪ ವಾಲಿದ್ರೂ ಒಂದು ಹುಬ್ಬು ಕೆಳಗೆ. ಸಾಲದ್ದಕ್ಕೆ ಮುಂದಿನ ಕ್ಯಾಮೆರಾ ಕನ್ನಡಿ ಥರ ಎಡ ಬಲ ಅದಲು ಬದಲು ತೋರಿಸುತ್ತೆ, ಕೆಲವು ಫೋನಲ್ಲಿ ಸೇವ್ ಆದ್ಮೇಲೆ ವಾಪಸ್ ತಿರುಗುತ್ತೆ, ಹಂಗಾಗಿ "ನಿನ್ನೆ ಎಡಗಡೆ ಇತ್ತು ಇವತ್ತು ಬಲಗಡೆ ಬಂದಿದೆ" ಅಂತ ಗಾಬರಿಯಾಗಿ ಬಂದೋರೂ ಇದ್ದಾರೆ. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಎಲ್ಲಾರ ಮುಖದಲ್ಲೂ ಇರುತ್ತೆ, ನನ್ನದ್ರಲ್ಲೂ ಇದೆ. ಅದಕ್ಕೆ ಚಿಕಿತ್ಸೆ ಬೇಡ.

ಈಗ ಮುಖ್ಯ ವಿಷ್ಯ. ಹುಬ್ಬನ್ನ ಮೇಲಕ್ಕೆ ಎತ್ತೋದು ಒಂದೇ ಒಂದು ಸ್ನಾಯು, ಹಣೆ ತುಂಬಾ ಹರಡಿರೋ ಫ್ರಂಟಾಲಿಸ್. ಕೆಳಕ್ಕೆ ಎಳೆಯೋಕೆ ಮಾತ್ರ ಮೂರ್ನಾಲ್ಕು ಇದಾವೆ, ಕಣ್ಣಿನ ಸುತ್ತ ಬಳೆ ಥರ ಇರೋದು, ಹುಬ್ಬು ಗಂಟು ಹಾಕೋದು, ಮೂಗಿನ ಬುಡದಲ್ಲಿರೋದು. ರೆಪ್ಪೆ ಎತ್ತೋದು ಇವು ಯಾವ್ದೂ ಅಲ್ಲ, ಅದಕ್ಕೆ ಒಳಗಡೆ ಲಿವೇಟರ್ ಅಂತ ಬೇರೇನೇ ಸ್ನಾಯು, ಅದರ ನರಾನೂ ಬೇರೆ. ವಯಸ್ಸಾಗ್ತಾ ಈ ಲಿವೇಟರ್ ರೆಪ್ಪೆಗೆ ಅಂಟಿಕೊಂಡಿರೋ ಪಟ್ಟಿ ಸಡ್ಲ ಆಗುತ್ತೆ, ವರ್ಷಗಟ್ಲೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕ್ದೋರಿಗೂ ಆಗ್ಬಹುದು, ಕೆಲವ್ರಿಗೆ ಹುಟ್ಟಿನಿಂದ್ಲೇ ಆ ಸ್ನಾಯು ದುರ್ಬಲ. ರೆಪ್ಪೆ ಪಾಪೆಗೆ ಅಡ್ಡ ಬರೋಕೆ ಶುರು ಆದ ಕೂಡ್ಲೇ ಮೆದುಳು ಸುಮ್ನೆ ಕೂರಲ್ಲ, ಹಣೆ ಸ್ನಾಯುಗೆ "ನೀನಾದ್ರೂ ಎತ್ತು" ಅನ್ನುತ್ತೆ. ಅಂಗಡಿ ಶಟರ್ ಕಚ್ಚಿಕೊಂಡು ಮೇಲೆ ಹೋಗ್ತಿಲ್ಲ ಅಂತ ಅದರ ಮೇಲಿನ ಬೋರ್ಡನ್ನೇ ಹಿಡಿದು ಎತ್ತಿದಂಗೆ ಇದು. ಶಟರ್ ಒಂದ್ ಚೂರು ಮೇಲೆ ಹೋಗುತ್ತೆ ನಿಜ, ಆದ್ರೆ ರಸ್ತೇಲಿ ಹೋಗೋರಿಗೆ ಕಾಣೋದು ಸೊಟ್ಟ ಬೋರ್ಡು. ನೀವು ಬೋರ್ಡ್ ರಿಪೇರಿಗೆ ಜನ ಕರೀತೀರಿ.

ಇದು ನಿಮಗೇ ಗೊತ್ತಿಲ್ದೆ ನಡೆಯೋ ಕೆಲಸ. "ನಾನೆಲ್ಲಿ ಹುಬ್ಬು ಎತ್ತಿದೀನಿ ಡಾಕ್ಟ್ರೆ, ಆರಾಮಾಗೇ ಕೂತಿದೀನಲ್ಲ" ಅಂತ ಎಲ್ರೂ ಹೇಳ್ತಾರೆ. ಹೇಳುವಾಗ ಹಣೆ ಮೇಲೆ ಒಂದೇ ಕಡೆ ಗೆರೆ ಎದ್ದಿರುತ್ತೆ! ಸಂಜೆ ಹೊತ್ತಿಗೆ ಹಣೆ ಭಾರ ಅನ್ನೋದು, ಟಿವಿ ನೋಡುವಾಗ ಗದ್ದ ಮೇಲೆ ಮಾಡಿಕೊಂಡು ನೋಡೋದು, ಇವೆಲ್ಲ ಅದರ ಜೊತೇಲೇ ಬರೋವು.

ಮನೇಲೇ ಹಿಂಗೆ ನೋಡಿ. ಕನ್ನಡಿ ಮುಂದೆ ನೇರ ಕೂತು ಕಣ್ಣು ಮೆತ್ತಗೆ ಮುಚ್ಚಿ, ಹಿಂಡಬೇಡಿ. ಹಣೆ ಪೂರ್ತಿ ಸಡಿಲ ಆಗೋವರೆಗೆ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಎರಡೂ ಹುಬ್ಬಿನ ಮೇಲೆ ಅಂಗೈ ಇಟ್ಟು ಅದು ಮೇಲೇಳದ ಹಾಗೆ ಹಿಡ್ಕೊಂಡು ನಿಧಾನ ಕಣ್ಣು ಬಿಡಿ. ಕೆಳಗೆ ಒತ್ತಬೇಡಿ, ಬರೀ ತಡೀರಿ. ಈಗ ಹುಬ್ಬು ಮರೆತುಬಿಡಿ, ರೆಪ್ಪೆ ಅಂಚು ನೋಡಿ. ಮೇಲಿನ ರೆಪ್ಪೆ ಕರಿಗುಡ್ಡೆಯ ಮೇಲ್ತುದೀನ ಒಂದೆರಡು ಮಿಲಿಮೀಟರ್ ಮುಚ್ಚೋದು ಸಹಜ. ಹುಬ್ಬು ಎತ್ತರ ಇದ್ದ ಕಡೆ ರೆಪ್ಪೆ ಅದಕ್ಕಿಂತ ಕೆಳಗೆ ಬಂದು ಪಾಪೆ ಹತ್ರ ನಿಂತ್ರೆ ನಿಮ್ಮ ತೊಂದ್ರೆ ಹುಬ್ಬಿಂದಲ್ಲ, ರೆಪ್ಪೇದು. ರೆಪ್ಪೆ ಎರಡೂ ಸಮ ಇದ್ದು, ಕೆಳಗಿರೋ ಹುಬ್ಬನ್ನ ಬೆರಳಲ್ಲಿ ಮೇಲೆತ್ತಿದ ಕೂಡ್ಲೇ ರೆಪ್ಪೆ ಮೇಲೆ ಜೋತಿರೋ ಚರ್ಮ ಎಲ್ಲ ಸರಿದು ಕಣ್ಣು ಹಗುರ ಆದ್ರೆ ಅದು ನಿಜವಾದ ಹುಬ್ಬಿನ ತೊಂದ್ರೆ. ಎರಡೂ ಸೇರಿ ಇರೋರೂ ಇದಾರೆ, ಅವರನ್ನ ಕ್ಲಿನಿಕ್ಕಲ್ಲಿ ಸ್ಕೇಲ್ ಹಿಡಿದೇ ಅಳೀಬೇಕು. ಹುಬ್ಬನ್ನ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಕೆಳಗೆ ನೋಡಿ ಮೇಲೆ ನೋಡಿ ಅಂದಾಗ ರೆಪ್ಪೆ ಸುಮಾರು 15 ಮಿಲಿಮೀಟರ್ ಓಡಾಡ್ಬೇಕು. ನಾಲ್ಕೈದು ಓಡಾಡಿದ್ರೆ ಆಪರೇಷನ್ ರೀತೀನೇ ಬೇರೆ.

ಇದನ್ನ ನೋಡ್ದೆ ಸೂಜಿ ಹಾಕಿದ್ರೆ ಎಂತ ಆಗುತ್ತೆ ಅಂತ ಹೇಳ್ತೀನಿ. ಸಾಗರದ ಕಡೆ ಒಬ್ರು ಟೀಚರ್, ನಲವತ್ತು ದಾಟಿದ ಹೆಂಗಸು, ಭಾರೀ ಪಾಪದೋರು. ತಮ್ಮನ ಮಗಳ ಮದುವೆ ಅಂತ ಬೆಂಗಳೂರಲ್ಲಿ ಎಲ್ಲೋ ಹಣೆಗೆ ಬೊಟಾಕ್ಸ್ ಹಾಕಿಸ್ಕೊಂಡ್ರು. ಬಲ ಹುಬ್ಬು ಮೇಲಿದೆ, ಅಲ್ಲಿ ಗೆರೆ ಜಾಸ್ತಿ, ಅದನ್ನ ಇಳಿಸಿ ಸಮ ಮಾಡೋಣ ಅಂತ ಅವ್ರ ಲೆಕ್ಕ. ಔಷಧಿ ಚೆನ್ನಾಗೇ ಕೆಲಸ ಮಾಡ್ತು, ಹುಬ್ಬೂ ಇಳೀತು, ಜೊತೆಗೆ ಅಷ್ಟು ವರ್ಷ ಆ ಹುಬ್ಬು ಹೊತ್ಕೊಂಡಿದ್ದ ರೆಪ್ಪೇನೂ ಅರ್ಧ ಕಣ್ಣಿಗೆ ಬಂತು. ಮದುವೆ ಫೋಟೋ ತುಂಬಾ ನಿದ್ದೆಗಣ್ಣು. ಚುಚ್ಚಿದ್ದು ತಪ್ಪಿ ರೆಪ್ಪೆಗೆ ಹೋಗಿದೆ ಅಂತ ಯಾರೋ ಹೇಳಿದ್ರಂತೆ. ನಾನು ಅವರ ಹಳೇ ವೋಟರ್ ಐಡಿ ತೆಗ್ಸಿ ನೋಡ್ದೆ, ಅದ್ರಲ್ಲೇ ಬಲ ಹುಬ್ಬು ಮೇಲಿದೆ, ಬಲ ರೆಪ್ಪೆ ಕೆಳಗಿದೆ. ಇದಕ್ಕೆ ವಾಪಸ್ ತೆಗೆಯೋ ಔಷಧಿ ಇಲ್ಲ, ಮೂರ್ನಾಲ್ಕು ತಿಂಗಳು ಕಾಯ್ಬೇಕು ಅಂದೆ. "ಅಲ್ಲೀವರೆಗೆ ಸ್ಕೂಲಿಗೆ ಹೆಂಗೆ ಹೋಗ್ಲಿ ಡಾಕ್ಟ್ರೆ, ಮಕ್ಳು ಮಿಸ್ಸು ನಿದ್ದೆ ಮಾಡ್ತಿದಾರೆ ಅಂತಾವೆ" ಅಂತ ಅತ್ತೇಬಿಟ್ರು, ಆಮೇಲೆ ಅವರೇ ನಕ್ಕರು. ಪರಿಣಾಮ ಇಳಿದ ಮೇಲೆ ರೆಪ್ಪೆ ಆಪರೇಷನ್ ಮಾಡಿದ್ವಿ, ಸಡ್ಲ ಆಗಿದ್ದ ಪಟ್ಟಿ ಎಳೆದು ಹೊಲಿಯೋದು ಅಷ್ಟೇ. ಹುಬ್ಬು ಮುಟ್ಲೇ ಇಲ್ಲ. ಹೊಲಿಗೆ ಊತ ಇಳೀತಿದ್ದ ಹಂಗೆ ಹುಬ್ಬು ತಾನಾಗೇ ಕೆಳಗೆ ಬಂದು ಎಡಗಡೆ ಸಮಕ್ಕೆ ಕೂತ್ಕೊಂತು.

ಎಲ್ರಿಗೂ ಇಷ್ಟು ಚೆಂದ ಆಗುತ್ತೆ ಅಂತ ಮಾತು ಕೊಡಲ್ಲ. ಎರಡೂ ರೆಪ್ಪೆಗೆ ಮೆದುಳಿಂದ ಬರೋ ಆಜ್ಞೆ ಒಂದೇ ಅಳತೇದು, ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಇಳಿಯೋದೂ ಉಂಟು. ಅದಕ್ಕೇ ಆಪರೇಷನ್‌ಗೆ ಮೊದ್ಲೇ ಜೋತ ರೆಪ್ಪೇನ ಬೆರಳಲ್ಲಿ ಎತ್ತಿ ಹಿಡಿದು ಇನ್ನೊಂದು ಇಳಿಯುತ್ತಾ ಅಂತ ನೋಡ್ತೀವಿ.

ಹಂಗಂತ ನಾನು ಬೊಟಾಕ್ಸ್ ವಿರೋಧಿ ಅಲ್ಲ, ಅದು ಬಂದಿದ್ದೇ ನಮ್ಮ ಕಣ್ಣಿನ ಡಾಕ್ಟ್ರುಗಳ ಕಡೆಯಿಂದ. ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಅದನ್ನ ಮೆಳ್ಳೆಗಣ್ಣಿಗೆ ಬಳಸೋದು ತೋರ್ಸಿದ್ರು, ಅಮೆರಿಕದಲ್ಲಿ 1989ರಲ್ಲಿ ಮೆಳ್ಳೆಗಣ್ಣಿಗೆ ಮತ್ತೆ ರೆಪ್ಪೆ ಸೆಳೆತಕ್ಕೆ ಅನುಮತಿ ಸಿಕ್ತು. ಕೆನಡಾದಲ್ಲಿ ಜೀನ್ ಕರೂಥರ್ಸ್ ಅಂತ ಕಣ್ಣಿನ ಡಾಕ್ಟ್ರು ರೆಪ್ಪೆ ಸೆಳೆತಕ್ಕೆ ಕೊಡ್ತಿದ್ದಾಗ ಹುಬ್ಬಿನ ನಡುವಿನ ಗೆರೆ ಹೋಗಿದ್ದು ಕಂಡು, ಚರ್ಮದ ಡಾಕ್ಟ್ರಾಗಿದ್ದ ಗಂಡನ ಜೊತೆ ಸೇರಿ 1992ರಲ್ಲಿ ಬರೆದ್ರು. ಚಂದಕ್ಕೆ ಅಂತ ಅಮೆರಿಕದಲ್ಲಿ ಅನುಮತಿ ಬಂದಿದ್ದು 2002ರಲ್ಲಿ. ಹುಬ್ಬನ್ನ ಕೆಳಗೆ ಎಳೆಯೋ ಸ್ನಾಯುಗಳಿಗೆ ಅಳತೆ ನೋಡಿ ಹಾಕಿದ್ರೆ ಹುಬ್ಬಿನ ಬಾಲ, ಅಂದ್ರೆ ಹೊರತುದಿ, ಒಂದೆರಡು ಮಿಲಿಮೀಟರ್ ಏಳುತ್ತೆ ಕೂಡ. ಆದ್ರೆ ಹಾಕೋರು ಮೊದ್ಲು ರೆಪ್ಪೆ ನೋಡಿರ್ಬೇಕು.

ಇನ್ನು ನಿಜವಾಗ್ಲೂ ಹುಬ್ಬು ಇಳಿಯೋದು. ಹಣೆ ಸ್ನಾಯು ಹುಬ್ಬಿನ ಹೊರತುದಿವರೆಗೆ ಸರಿಯಾಗಿ ಬರೋದೇ ಇಲ್ಲ, ಅದಕ್ಕೇ ವಯಸ್ಸಾದೋರಿಗೆ ಬಾಲದ ಕಡೆ ಮೊದ್ಲು ಜೋಲುತ್ತೆ. ಬಿಸಿಲು, ಬೀಡಿ ಸಿಗರೇಟು, ಚರ್ಮ ಸಡ್ಲ ಆಗೋದು ಎಲ್ಲ ಸೇರುತ್ತೆ.

ತೀರ್ಥಹಳ್ಳಿ ಕಡೆ ಒಬ್ರು ಗೌಡ್ರು, ಎಪ್ಪತ್ತರ ಹತ್ರ ವಯಸ್ಸು, ಈಗಲೂ ಅಡಿಕೆ ಕೊಯ್ಯೋ ಉದ್ದದ ಫೈಬರ್ ದೋಟಿ ಹಿಡಿದು ತೋಟಕ್ಕೆ ಇಳಿಯೋ ಮನುಷ್ಯ. ಮರದ ಮೇಲಿನ ಅಡಿಕೆ ಕೊನೆ ಕಾಣ್ತಿಲ್ಲ ಅಂತ ಮಗ ಕರ್ಕೊಂಡು ಹೋಗಿ ಕನ್ನಡಕ ಬದಲಾಯ್ಸಿದ್ದ, ಪೊರೆ ಆಪರೇಷನ್ನೂ ಆಗಿತ್ತು. ಚಾರ್ಟಲ್ಲಿ ಕೊನೇ ಸಾಲಿನವರೆಗೂ ಓದ್ತಾರೆ! ಆದ್ರೆ ತಲೆ ಎತ್ತಿ ಮರದ ತುದಿ ನೋಡಿದ್ರೆ ಹುಬ್ಬು, ಚರ್ಮ ಎರಡೂ ಅಡ್ಡ. ನಾನು ಮೈಕ್ರೋಪೋರ್ ಟೇಪ್ ಹರಿದು ಹುಬ್ಬನ್ನ ಮೇಲೆಳೆದು ಹಣೆಗೆ ಅಂಟಿಸ್ದೆ. ಸೀಲಿಂಗ್ ನೋಡಿ "ಹೋ, ನಿಮ್ಮ ಫ್ಯಾನಿಗೆ ಜೇಡ ಕಟ್ಟಿದೆಯಲ್ಲ ಡಾಕ್ಟ್ರೆ" ಅಂದ್ರು. ಟೇಪ್ ಇಲ್ದೆ ಒಂದ್ಸಲ, ಹಾಕಿ ಒಂದ್ಸಲ ಫೀಲ್ಡ್ ಟೆಸ್ಟ್ (ಸುತ್ತ ಎಲ್ಲೀವರೆಗೆ ಕಾಣುತ್ತೆ ಅಂತ ಅಳೆಯೋದು) ಮಾಡಿದ್ರೆ ಮೇಲಿನ ಭಾಗದಲ್ಲಿ ಎಷ್ಟು ದೃಷ್ಟಿ ಕಟ್ಟಿತ್ತು ಅಂತ ಪ್ರಿಂಟಲ್ಲೇ ಗೊತ್ತಾಗುತ್ತೆ. ಇನ್ಶೂರೆನ್ಸ್ ಕೇಳೋರಿಗೂ ಆ ಪ್ರಿಂಟ್ ಬೇಕಾಗ್ಬಹುದು.

ಅವ್ರಿಗೆ ಹುಬ್ಬಿನ ಕೂದಲ ಸಾಲಿನ ಮೇಲೇ ಒಂದು ಪಟ್ಟಿ ಚರ್ಮ ತೆಗ್ದು ಹೊಲಿದದ್ದು. ಕಲೆ ಉಳಿಯುತ್ತೆ, ಆದ್ರೆ ದಟ್ಟ ಹುಬ್ಬು, ಹಣೆ ಗೆರೆ ಇರೋ ವಯಸ್ಸಾದೋರಲ್ಲಿ ಬೇಗ ಬೆರೆತು ಹೋಗುತ್ತೆ. ಚಿಕ್ಕ ವಯಸ್ಸಿನೋರಿಗೆ, ಹೆಂಗಸ್ರಿಗೆ ಇದನ್ನ ಮಾಡೋಕೆ ಮನಸ್ಸು ಬರಲ್ಲ. ತಲೆಗೂದಲ ಒಳಗಿಂದ ಎಂಡೋಸ್ಕೋಪ್ ಅನ್ನೋ ಸಣ್ಣ ಕ್ಯಾಮೆರಾ ಕೊಳವೆ ಹಾಕಿ ಎತ್ತೋದು, ಕೂದಲಂಚಿನ ಹತ್ರ ಬರೀ ಬಾಲ ಎತ್ತೋದು ಇವೆಲ್ಲ ಇದಾವೆ, ಅದಕ್ಕೆ ಅದನ್ನೇ ಮಾಡೋರ ಹತ್ರ ಕಳಿಸ್ತೀನಿ. ಹುಬ್ಬು ಇಳಿದಿರೋದನ್ನ ಬಿಟ್ಟು ಬರೀ ರೆಪ್ಪೆ ಮೇಲಿನ ಹೆಚ್ಚಿನ ಚರ್ಮ ಕತ್ತರಿಸಿದ್ರೆ ಹುಬ್ಬು ಇನ್ನೂ ಕೆಳಗೆ ಬರುತ್ತೆ, ಜಾಸ್ತಿ ಕತ್ತರಿಸಿದ್ರೆ ಕಣ್ಣು ಮುಚ್ಚೋಕೂ ಕಷ್ಟ. "ಸ್ವಲ್ಪ ಜಾಸ್ತಿನೇ ತೆಗ್ದುಬಿಡಿ, ಇನ್ನೊಂದ್ ಸಲ ಬರೋದು ಬೇಡ" ಅನ್ನೋ ಅಜ್ಜಂದ್ರಿಗೆ ಹೇಳ್ತಿದೀನಿ.

ಇಷ್ಟು ಹೊತ್ತು ಹೇಳಿದ್ದು ವರ್ಷಗಟ್ಲೆ ನಿಧಾನ ಆಗೋ ಸಂಗತಿ. ರಾತ್ರಿ ಮಲಗಿ ಬೆಳಿಗ್ಗೆ ಏಳೋದ್ರೊಳಗೆ ಒಂದು ಹುಬ್ಬು ಇಳಿದು, ಆ ಕಡೆ ಹಣೆ ಗೆರೆ ಮಾಯ ಆಗಿ, ಕಣ್ಣು ಮುಚ್ಚೋಕಾಗ್ದೆ, ಕಾಫಿ ಕುಡಿದ್ರೆ ಬಾಯಿ ಅಂಚಲ್ಲಿ ಸೋರಿದ್ರೆ ಅದು ಮುಖದ ನರದ್ದು. ನಮ್ಮ ಕಡೆ "ಆಗುಂಬೆ ಘಾಟೀಲಿ ಬಸ್ ಕಿಟಕಿ ಪಕ್ಕ ಕೂತಿದ್ದೆ, ಗಾಳಿ ಬಡೀತು" ಅಂತ ಹೇಳಿ, ಬಿಸಿ ಶಾಖ ಕೊಟ್ಟು, ಎಣ್ಣೆ ತಿಕ್ಕಿ, ವಾರ ಕಳೆದ ಮೇಲೆ ಬರ್ತಾರೆ. ಬೆಲ್ಸ್ ಪಾಲ್ಸಿ (ಮುಖದ ನರ ಇದ್ದಕ್ಕಿದ್ದಂಗೆ ಸೋಲೋದು) ಆಗಿದ್ರೆ ಸ್ಟಿರಾಯ್ಡ್ ಮಾತ್ರೆ ಮೊದಲ 3 ದಿನದೊಳಗೆ ಶುರು ಮಾಡಿದ್ರೆ ಲಾಭ, ಶುಗರ್ ಇದ್ದೋರಿಗೆ ನೋಡಿಕೊಂಡು ಕೊಡ್ಬೇಕು. ಹೆಚ್ಚಿನೋರಿಗೆ ಕೆಲವು ವಾರದಿಂದ ತಿಂಗಳುಗಳಲ್ಲಿ ಸರಿ ಹೋಗುತ್ತೆ, ಅಲ್ಲೀವರೆಗೆ ಹಗಲು ಡ್ರಾಪ್ಸು, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್, ಇಲ್ಲಾಂದ್ರೆ ಕಪ್ಪುಗುಡ್ಡೆ ಒಣಗಿ ಹುಣ್ಣಾಗುತ್ತೆ. ಬಾಯಿ ಸೊಟ್ಟಗಾಗಿ ಹಣೆ ಮಾತ್ರ ಎರಡೂ ಕಡೆ ಸುಕ್ಕು ಕಟ್ತಿದ್ರೆ ಅದು ಮೆದುಳಿನ ಲಕ್ವ, ಸ್ಟ್ರೋಕ್ ಇರ್ಬಹುದು. ಕೈಕಾಲು ಸೋತ್ರೆ, ಮಾತು ತೊದಲಿದ್ರೆ ಹಣೆ ಗಿಣೆ ನೋಡ್ತಾ ಕೂರಬೇಡಿ, ನಮ್ಮ ಕ್ಲಿನಿಕ್ಕಿಗೂ ಬರಬೇಡಿ, ಆಗಿಂದಾಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂಗೆ ರೆಪ್ಪೆ ಬಿದ್ದು, ಒಂದು ವಸ್ತು ಎರಡಾಗಿ ಕಂಡು, ಜೋರು ತಲೆನೋವು ಬಂದ್ರೂ ಹಂಗೇ, ಆ ಕಣ್ಣಿನ ಪಾಪೆ ದೊಡ್ಡದಾಗಿದ್ರಂತೂ ಒಂದು ಗಂಟೇನೂ ಕಾಯಬಾರದು. ಬೆಳಿಗ್ಗೆ ಸರಿ ಇದ್ದು ಸಂಜೆ ಹೊತ್ತಿಗೆ ರೆಪ್ಪೆ ಜೋಲಿದ್ರೆ ಮಯಾಸ್ತೇನಿಯಾ, ಅಂದ್ರೆ ಸ್ನಾಯು ಬೇಗ ದಣಿಯೋ ಕಾಯಿಲೆ ಇರಬಹುದು, ಅದಕ್ಕೆ ಮಾತ್ರೆ ಇದೆ, ಕತ್ತರಿ ಬೇಡ.

ಹುಬ್ಬು ಇಳಿದಿಲ್ಲ, ಹೊರಗಿನ ಕೂದಲು ಉದುರಿ ಇಳಿದಂಗೆ ಕಾಣ್ತಿದೆ ಅನ್ನೋ ಗುಂಪೂ ಒಂದಿದೆ. ಥೈರಾಯ್ಡ್ ನೋಡಿಸ್ಕೊಳ್ಳಿ. ಜೊತೆಗೆ ಮೈ ಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದ್ರೆ ನಾಚಿಕೆ ಬಿಟ್ಟು ಚರ್ಮದ ಡಾಕ್ಟ್ರಿಗೆ ತೋರ್ಸಿ, ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಪುಕ್ಕಟೆ, ವಾಸಿ ಆಗುತ್ತೆ. ಬರೀ ಥ್ರೆಡಿಂಗ್ ಅತಿ ಆಗಿ ಬೋಳಾದದ್ದಾದ್ರೆ ಒಂದಷ್ಟು ತಿಂಗಳು ಬಿಟ್ಟು ನೋಡಿ, ಕೆಲವು ಕೂದಲು ವಾಪಸ್ ಬರದೇ ಇರಬಹುದು.

ತೋರ್ಸೋಕೆ ಬರುವಾಗ ಹುಬ್ಬಿಗೆ ಪೆನ್ಸಿಲ್, ಕಣ್ಣಿಗೆ ಕಾಡಿಗೆ ಹಚ್ಕೊಂಡು ಬರಬೇಡಿ, ಅಂಚು ಅಳೆಯೋಕಾಗಲ್ಲ. ಸೆಲ್ಫಿ ಬೇಡ. ಮದುವೆ ಆಲ್ಬಮ್ಮೋ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟೋ, ಹಳೇ ಗ್ರೂಪ್ ಫೋಟೋನೋ, ಯಾರೋ ದೂರದಿಂದ ನೇರ ತೆಗೆದದ್ದು ಇದ್ರೆ ತನ್ನಿ. ಎಲ್ಲಾದ್ರೂ ಈಗಾಗ್ಲೇ ಬೊಟಾಕ್ಸ್ ಹಾಕಿಸಿದ್ರೆ ತಾರೀಖು ಹೇಳಿ, ಬೈಯಲ್ಲ, ಅದು ಗೊತ್ತಾಗದಿದ್ರೆ ನಾನು ಅಳತೆ ಮಾಡಿದ್ದೆಲ್ಲ ದಂಡ.