ಕಬಡ್ಡಿ ಆಡುವ ಮಕ್ಕಳನ್ನು ಭಾರತದ ರಗ್ಬಿ ತಂಡದವರೆಗೆ ಬೆಳೆಸಬಹುದೇ?

ಪ್ರಶ್ನೆ: ನಾನು ಅರಕಲಗೂಡು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ನಮ್ಮ ಎಂಟು, ಒಂಬತ್ತನೇ ತರಗತಿ ಮಕ್ಕಳು ಕಬಡ್ಡಿಯಲ್ಲಿ ಗಟ್ಟಿಗರು. ಇವರಿಗೆ ರಗ್ಬಿ ಕಲಿಸಿದರೆ ದೇಶದ ತಂಡಕ್ಕೆ ಆಡುವ ಮಟ್ಟಕ್ಕೆ ಹೋಗಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೋಗಬಹುದು ಮೇಷ್ಟ್ರೇ. ಆದರೆ ಯಾವ ರಗ್ಬಿ ಎನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಹದಿನೈದು ಜನರ ಆಟ ಬೇಡ, ಸೆವೆನ್ಸ್ ಹಿಡಿಯಿರಿ. ಕಡೆಗೆ ಏಳು ಜನ, ಏಳೇಳು ನಿಮಿಷದ ಎರಡು ಅವಧಿ. 2016ರ ರಿಯೊದಿಂದ ಒಲಿಂಪಿಕ್ಸ್‌ನಲ್ಲಿರುವುದು ಇದೇ, ಏಷ್ಯನ್ ಗೇಮ್ಸ್‌ನಲ್ಲೂ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಇದೇ. ಹದಿನೈದರ ಆಟದಲ್ಲಿ ನೂರು ಕಿಲೋ ದಾಟಿದ ಆಳುಗಳಿಲ್ಲದೆ ಸ್ಕ್ರಮ್, ಅಂದರೆ ಎರಡೂ ಕಡೆಯವರು ಗುಂಪಾಗಿ ತಬ್ಬಿ ಭುಜಕ್ಕೆ ಭುಜ ಕೊಟ್ಟು ಚೆಂಡಿಗಾಗಿ ತಳ್ಳಾಡುವುದು, ನಿಲ್ಲುವುದಿಲ್ಲ. ಸೆವೆನ್ಸ್‌ಗೆ ಓಟ ಬೇಕು, ಎದುರಾಳಿಯ ದಿಕ್ಕು ತಪ್ಪಿಸುವ ಕಾಲು ಬೇಕು, ಬಿದ್ದ ತಕ್ಷಣ ಏಳುವ ಚುರುಕು ಬೇಕು. ಒಳ್ಳೆಯ ರೇಡರ್‌ಗೆ ಆ ಕಾಲು ಆಗಲೇ ಬಂದಿರುತ್ತದೆ. ಹುಡುಗಿಯರನ್ನಂತೂ ಬಿಡಲೇಬೇಡಿ. ಭಾರತದ ಮಹಿಳಾ ತಂಡ ಸೇರಿದ ಬಿಹಾರದ ಸ್ವೀಟಿ ಕುಮಾರಿ ರಗ್ಬಿಗೆ ಬಂದದ್ದು ಅಥ್ಲೆಟಿಕ್ಸ್‌ನಿಂದ. ಬೇರೆ ಆಟದಿಂದ ಬರುವುದು ಈ ಆಟದಲ್ಲಿ ಹೊಸತೇನಲ್ಲ.

ಕಬಡ್ಡಿಯಿಂದ ಬರುವ ತೊಂದರೆಯೂ ಇದೆ, ಅದನ್ನು ಮೊದಲ ತಿಂಗಳಲ್ಲೇ ಗುರುತಿಸಬೇಕು. ಎರಡೂ ಏಳು ಜನರ ಆಟ. ಆದರೆ ಕಬಡ್ಡಿಯಲ್ಲಿ ಏಳು ಜನ ಕಾಯುವುದು ಹತ್ತು ಮೀಟರ್ ಅಗಲ, ರಗ್ಬಿಯಲ್ಲಿ ಎಪ್ಪತ್ತು ಮೀಟರ್. ಚೈನ್ ಹಿಡಿದು ಸುತ್ತುವರಿಯುವ ಮಾತೇ ಇಲ್ಲ, ಪ್ರತಿಯೊಬ್ಬರೂ ಒಂಟಿಯಾಗಿ ಟ್ಯಾಕಲ್ ಮಾಡಬೇಕು, ಅಂದರೆ ಚೆಂಡು ಹಿಡಿದು ಬರುವವನನ್ನು ತಬ್ಬಿ ನೆಲಕ್ಕೆ ಕೆಡವಬೇಕು. ಕಬಡ್ಡಿ ಮಗು ಹಿಂದೆ ಸರಿದು ರೇಡರ್ ಒಳಗೆ ಬರಲಿ ಎಂದು ಕಾಯುತ್ತದೆ. ರಗ್ಬಿಯಲ್ಲಿ ಹಾಗೆ ಕಾದರೆ ಎದುರಾಳಿಗೆ ಪೂರ್ತಿ ವೇಗ ಸಿಕ್ಕಿಬಿಡುತ್ತದೆ, ಹಾಗಾಗಿ ಸಾಲಾಗಿ ಮುಂದೆ ನುಗ್ಗಿ ಅವರ ಜಾಗ ಕಿತ್ತುಕೊಳ್ಳಬೇಕು. ಇನ್ನೊಂದು, ಸಿಕ್ಕಿಬಿದ್ದ ರೇಡರ್ ಎಳೆದಾಡಿಕೊಂಡು ಗೆರೆ ಮುಟ್ಟಲು ಹೋಗುತ್ತಾನಲ್ಲ, ರಗ್ಬಿಯಲ್ಲಿ ನೆಲಕ್ಕೆ ಬಿದ್ದ ಮೇಲೆ ಹಾಗೆ ತೆವಳಿದರೆ ಪೆನಾಲ್ಟಿ. ತಕ್ಷಣ ಚೆಂಡು ಬಿಡಬೇಕು, ಅದೂ ಕೈ ಚಾಚಿ ತನ್ನ ತಂಡದ ಕಡೆಗೆ ಇಡಬೇಕು. ಕೆಡವಿದವನೂ ಹಿಡಿತ ಸಡಿಲಿಸಿ ಪಕ್ಕಕ್ಕೆ ಉರುಳಬೇಕು. ವಿಷಲ್ ಊದುವವರೆಗೂ ಬಿಡಬಾರದು ಎಂದು ನೀವೇ ವರ್ಷಗಟ್ಟಲೆ ಹೇಳಿಕೊಟ್ಟಿದ್ದೀರಿ, ಅದನ್ನು ಮರೆಸುವುದಕ್ಕೂ ಅಷ್ಟೇ ತಾಳ್ಮೆ ಬೇಕು.

ಹಾಗಾದರೆ ಮೊದಲು ಏನು ಕಲಿಸಬೇಕು? ಪಾಸ್. ಮೊದಲ ನಾಲ್ಕು ತಿಂಗಳು ಟ್ಯಾಕಲ್ ಕಲಿಸಲೇಬೇಡಿ, ಸೊಂಟದ ಎರಡೂ ಕಡೆ ಬಟ್ಟೆಯ ಪಟ್ಟಿ ಸಿಕ್ಕಿಸಿ, ಕಿತ್ತರೆ ಹಿಡಿದ ಲೆಕ್ಕ ಎಂದು ಆಡಿಸಿ. ಧೈರ್ಯ ಈ ಮಕ್ಕಳಿಗೆ ಹೇಗೂ ಇದೆ. ಹದಿನಾಲ್ಕರೊಳಗಿನವರಿಗೆ 4ನೇ ಸೈಜಿನ ಚೆಂಡು ಸಾಕು. ದೊಡ್ಡವರ 5ನೇ ಸೈಜು 410ರಿಂದ 460 ಗ್ರಾಂ ತೂಗುತ್ತದೆ, ಸಣ್ಣ ಕೈಯಲ್ಲಿ ಅದು ನಿಲ್ಲದೆ ಮಗು ಎದೆಗೆ ಒತ್ತಿ ಹಿಡಿಯುವ ಚಾಳಿ ಬೆಳೆಸಿಕೊಳ್ಳುತ್ತದೆ. ಚೆಂಡು ಇರಬೇಕಾದ್ದು ಬೆರಳುಗಳಲ್ಲಿ, ಅಂಗೈಯಲ್ಲಲ್ಲ.

ನಾಲ್ವರನ್ನು ಐದೈದು ಮೀಟರ್ ಅಂತರದಲ್ಲಿ ನಿಲ್ಲಿಸಿ ಇಪ್ಪತ್ತು ಮೀಟರ್ ಓಡುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಪಾಸ್ ಮಾಡಿಸಿ. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಆದರೆ ಮೊದಲ ದಿನ ಅರ್ಧಕ್ಕರ್ಧ ಪಾಸ್ ಮುಂದಕ್ಕೆ ಹೋಗುತ್ತವೆ. ತಪ್ಪು ಎಸೆದವನದು ಅನ್ನಿಸುತ್ತದೆ, ಸಾಮಾನ್ಯವಾಗಿ ಹಿಡಿಯುವವನದು. ಚೆಂಡು ಇದ್ದವನ ಸಮಕ್ಕೇ ಓಡಿ ಬಂದುಬಿಟ್ಟಿರುತ್ತಾನೆ. ಎರಡು ಮೂರು ಮೀಟರ್ ಹಿಂದೆ ಉಳಿದು, ಚೆಂಡು ಕೈ ಬಿಟ್ಟ ಮೇಲೆ ವೇಗ ಹೆಚ್ಚಿಸಿ ಬರುವುದನ್ನು ಅಭ್ಯಾಸ ಮಾಡಿಸಿ. ಎರಡೂ ಕೈ ಮುಂದೆ ಚಾಚಿ ಗುರಿ ತೋರಿಸುತ್ತಾ ಬರಲಿ.

ನಂತರ ಹತ್ತು ಮೀಟರ್ ಚೌಕದಲ್ಲಿ ಇಬ್ಬರ ಎದುರು ಒಬ್ಬ. ಸೆವೆನ್ಸ್‌ನ ಮುಕ್ಕಾಲು ಪಾಲು ಇದರಲ್ಲೇ ಇದೆ ಎಂದರೆ ಹೆಚ್ಚಾಗಲಿಕ್ಕಿಲ್ಲ. ಚೆಂಡು ಇದ್ದವನು ರಕ್ಷಕನತ್ತ ನೇರ ಓಡಿ, ಅವನ ಪಾದ ತನ್ನ ಕಡೆ ತಿರುಗುವವರೆಗೆ ಕಾದು, ಎರಡು ಮೀಟರ್ ಇರುವಾಗ ಪಾಸ್ ಕೊಡಬೇಕು. ಐದು ಮೀಟರ್‌ನಲ್ಲೇ ಕೊಟ್ಟರೆ ರಕ್ಷಕ ಆರಾಮವಾಗಿ ಪಕ್ಕಕ್ಕೆ ಜಾರಿ ಎರಡನೆಯವನನ್ನೂ ಹಿಡಿಯುತ್ತಾನೆ. ಓರೆಯಾಗಿ ಓಡಿದರೆ ತನ್ನ ಜೊತೆಗಾರನನ್ನೇ ಅಂಚಿನ ಗೆರೆಗೆ ತಳ್ಳಿದಂತೆ. ರೇಡರ್‌ಗಳು ಇಲ್ಲಿ ಪಾಸ್ ಕೊಡುವುದಿಲ್ಲ, ತಾವೇ ತಪ್ಪಿಸಿಕೊಂಡು ಹೋಗುತ್ತಾರೆ, ಬಹಳ ಸಲ ಹೋಗಿಯೂ ಬಿಡುತ್ತಾರೆ. ಅದಕ್ಕೆ ಚಪ್ಪಾಳೆ ಬೇಡ. ಜಿಲ್ಲೆ ದಾಟಿದ ಮೇಲೆ ಎದುರಿಗಿರುವವನೂ ಅಷ್ಟೇ ಚುರುಕಾಗಿರುತ್ತಾನೆ.

ಟ್ಯಾಕಲ್ ಮೆಟ್ಟಿಲು ಮೆಟ್ಟಿಲಾಗಿ ಬರಲಿ. ಇಬ್ಬರೂ ಮಂಡಿಯೂರಿ, ಆಮೇಲೆ ಹಿಡಿಯುವವನು ಮಂಡಿಯೂರಿ ಇನ್ನೊಬ್ಬ ನಡೆದು ಬಂದು, ಆಮೇಲೆ ಇಬ್ಬರೂ ನಡೆದು, ಕೊನೆಗೆ ಓಡಿ. ಮುಂದಿನ ಪಾದ ಎದುರಾಳಿಯ ಹತ್ತಿರ ಊರಬೇಕು, ಭುಜ ತೊಡೆಗೆ ತಾಗಬೇಕು, ಎರಡೂ ಕೈ ಸುತ್ತಿ ಬಿಗಿಯಬೇಕು, ತಲೆ ಎದುರಾಳಿಯ ದೇಹದ ಹಿಂಬದಿಗೆ, ಕೆನ್ನೆ ಅವನ ಪೃಷ್ಠಕ್ಕೆ ಒತ್ತಿರಬೇಕು. ಕಬಡ್ಡಿಯಲ್ಲಿ ಅಂಚಿನ ಕಾರ್ನರ್‌ನಲ್ಲಿ ನಿಲ್ಲುವವರು ಆ್ಯಂಕಲ್ ಹೋಲ್ಡ್‌ಗೆ, ಅಂದರೆ ರೇಡರ್‌ನ ಕಣಕಾಲು ಹಿಡಿಯಲು, ತಲೆ ತಗ್ಗಿಸಿ ಮುಂದೆ ಹಾರುತ್ತಾರೆ. ಪೂರ್ತಿ ವೇಗದಲ್ಲಿ ಬರುವವನ ಮಂಡಿ ಆ ತಲೆಗೇ ಬಡಿಯುತ್ತದೆ, ಈ ಆಟದ ಕೆಟ್ಟ ಪೆಟ್ಟುಗಳಲ್ಲಿ ಅದೂ ಒಂದು. ಡ್ಯಾಷ್ ಕೂಡ ನಡೆಯುವುದಿಲ್ಲ, ಕೈ ಸುತ್ತದೆ ಬರಿ ಭುಜದಿಂದ ಗುದ್ದಿದರೆ ಅದು ಫೌಲ್. ಭುಜದ ಗೆರೆಗಿಂತ ಮೇಲೆ ಹಿಡಿಯುವಂತೆಯೇ ಇಲ್ಲ.

ಬೂಟಿಗೆ ಮೊದಲು ಮೌತ್‌ಗಾರ್ಡ್ ಕೊಳ್ಳಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಕಚ್ಚಿ ಕೂರಿಸುವ ಬಗೆಯದು ಸಾಕು. ಟ್ಯಾಕಲ್ ಬ್ಯಾಗ್ ದುಬಾರಿ ಅನ್ನಿಸಿದರೆ ಕಾಫಿ ತುಂಬುವ ಗೋಣಿಚೀಲಕ್ಕೆ ಭತ್ತದ ಹುಲ್ಲು ಗಿಡಿದು ಹೊಲಿಯಿರಿ. ಜಲ್ಲಿ ಕಲ್ಲು ಎದ್ದ ಶಾಲಾ ಮೈದಾನದಲ್ಲಿ ಕೆಡವುವ ಅಭ್ಯಾಸ ಬೇಡ, ಮಂಡಿ ಮೊಣಕೈ ಉಳಿಯುವುದಿಲ್ಲ. ಕೊಯ್ಲಾದ ಗದ್ದೆ ಮೆತ್ತಗಿದೆ ಎಂದು ಆಸೆಪಡುವವರಿದ್ದಾರೆ, ಅಲ್ಲಿ ಕೂಳೆ ಕಣ್ಣಿಗೆ ಚುಚ್ಚುತ್ತದೆ. ನಮ್ಮ ಕಡೆಯ ಜೂನ್, ಜುಲೈ ಮಳೆ ಇದಕ್ಕೆ ಒಳ್ಳೆಯ ಕಾಲ: ಹುಲ್ಲುನೆಲ ಒದ್ದೆಯಾಗಿ ಬೀಳುವ ಭಯ ಕಡಿಮೆಯಾಗುತ್ತದೆ, ಜಾರುವ ಚೆಂಡನ್ನು ಹಿಡಿಯುವುದೂ ಬರುತ್ತದೆ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಆ ದಿನ ಮತ್ತೆ ಇಳಿಸುವುದೇ ಬೇಡ, ಎಷ್ಟೇ ಗೋಗರೆದರೂ. ವೈದ್ಯರು ನೋಡಿದ ಮೇಲೂ ಮೂರು ವಾರ ಪಂದ್ಯ ಬೇಡ.

ದಮ್ಮು ಅಳೆಯಲು ಬ್ರಾಂಕೊ ಪರೀಕ್ಷೆ ಮಾಡಿಸಿ. ಖರ್ಚಿಲ್ಲ. ಗೆರೆಯಿಂದ 20, 40, 60 ಮೀಟರ್‌ಗೆ ಗುರುತು ಹಾಕಿ, 20ಕ್ಕೆ ಹೋಗಿ ಬಂದು, 40ಕ್ಕೆ ಹೋಗಿ ಬಂದು, 60ಕ್ಕೆ ಹೋಗಿ ಬಂದರೆ ಒಂದು ಸುತ್ತು. ಅಂಥ ಐದು ಸುತ್ತು, ಒಟ್ಟು 1200 ಮೀಟರ್. ದೊಡ್ಡ ಮಟ್ಟದ ಗಂಡಸರು ಇದನ್ನು ಐದು ನಿಮಿಷದೊಳಗೆ ಸಲೀಸಾಗಿ ಮುಗಿಸುತ್ತಾರೆ. ನಿಮ್ಮ ಮಕ್ಕಳಿಗೆ ಆ ಗಡುವು ಹೇಳಬೇಡಿ, ಆರು ವಾರಕ್ಕೊಮ್ಮೆ ಅವರದೇ ಹಳೆಯ ಸಮಯಕ್ಕೆ ಹೋಲಿಸಿ. ಹೊಸಬರು ಮೊದಲ ಸುತ್ತಿನಲ್ಲೇ ಪ್ರಾಣ ಬಿಟ್ಟು ಓಡಿ ಮೂರನೆಯದರಲ್ಲಿ ನಡೆಯುತ್ತಾರೆ, ಸುತ್ತಿನ ಸಮಯ ಬರೆದಿಟ್ಟರೆ ಅದು ಗೊತ್ತಾಗುತ್ತದೆ. ಸೆವೆನ್ಸ್ ಕೂಟದಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಇರುತ್ತವೆ, ಹಾಗಾಗಿ ತಿಂಗಳಿಗೊಮ್ಮೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಆಟ ಆಡಿಸಿ ನೋಡಿ. ಜೊತೆಗೆ ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ. ಒಮ್ಮೆಲೇ ಉದ್ದ ಬೆಳೆಯುವ ಕಾಲದಲ್ಲಿ ಮಂಡಿ ಕೆಳಗೆ ನೋವು ಕಾಣಿಸುತ್ತದೆ, ಆಗ ಜಿಗಿತ, ಓಟ ಕಡಿಮೆ ಮಾಡಿ, ಪಾಸ್ ಅಭ್ಯಾಸ ಮುಂದುವರಿಸಿ. ಬೇಗ ಬೆಳೆದ ಹುಡುಗನನ್ನು ಗಾತ್ರ ನೋಡಿ ಆರಿಸಿಕೊಂಡು ಸಣ್ಣವನನ್ನು ಬಿಡುವುದು ಈ ವಯಸ್ಸಿನಲ್ಲಿ ಎಲ್ಲರೂ ಮಾಡುವ ತಪ್ಪು.

ಮುಂದಿನ ದಾರಿ: ರಾಜ್ಯ ತಂಡ, ಅಲ್ಲಿಂದ ದೇಶದ ರಗ್ಬಿ ಸಂಸ್ಥೆಯಾದ ರಗ್ಬಿ ಇಂಡಿಯಾ ನಡೆಸುವ 18ರೊಳಗಿನ ರಾಷ್ಟ್ರೀಯ ಕೂಟ, ಅಲ್ಲಿ ಕಣ್ಣಿಗೆ ಬಿದ್ದರೆ ರಾಷ್ಟ್ರೀಯ ಶಿಬಿರ, ಆಮೇಲೆ ಏಷ್ಯಾ ರಗ್ಬಿಯ ಕಿರಿಯರ ಸೆವೆನ್ಸ್. ಅಷ್ಟು ದೂರ ಹೋಗುವವರಿಗೆ ಎಲ್ಲಕ್ಕಿಂತ ಕೊರತೆಯಾಗುವುದು ಪಂದ್ಯಗಳು. ಹೊಳೆನರಸೀಪುರ, ಸಕಲೇಶಪುರ, ಮೂಡಿಗೆರೆಯ ಒಂದೊಂದು ಶಾಲೆಯ ಮೇಷ್ಟ್ರನ್ನು ಒಪ್ಪಿಸಿ ತಿಂಗಳಿಗೊಮ್ಮೆ ಸೇರಿಸಿದರೆ ಅರ್ಧ ಕೆಲಸ ಆದ ಹಾಗೆ.

ದಾಖಲೆಗಳನ್ನು ಈಗಲೇ ನೋಡಿಕೊಳ್ಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹುಟ್ಟಿದ ದಿನ, ಹೆಸರು ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ ತಪ್ಪಿದ್ದಲ್ಲ. ಭಾರತಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಕಡ್ಡಾಯ, ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ರಾಜ್ಯದ ಆಯ್ಕೆಗೆ ಹೆಸರು ಬಂದ ದಿನವೇ ಅರ್ಜಿ ಹಾಕಿಸಿ.