ಹೊಳೆ ಏರುವುದು ಬೇರೆ, ಹಳ್ಳ ಬರುವುದು ಬೇರೆ

2019ರ ಆಗಸ್ಟ್‌ನಲ್ಲಿ ಆಲಮಟ್ಟಿ ಜಲಾಶಯದಿಂದ ಹೊರಬಿಟ್ಟ ನೀರಿನ ಪ್ರಮಾಣ 5 ಲಕ್ಷ ಕ್ಯೂಸೆಕ್ ದಾಟಿತ್ತು. ಕೃಷ್ಣೆಯ ದಂಡೆಯ ಊರುಗಳಲ್ಲಿ ಮನೆಗಳು ಬಿದ್ದವು, ಕಬ್ಬು ವಾರಗಟ್ಟಲೆ ನೀರಿನಲ್ಲಿ ನಿಂತು ಕೊಳೆಯಿತು, ಕುಟುಂಬಗಳು ದನಕರುಗಳೊಂದಿಗೆ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದವು. ಆದರೆ ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆ ಚಿಕ್ಕೋಡಿ, ಅಥಣಿಯನ್ನು ತಲುಪಲು ಸಮಯ ಬೇಕು. ಮೊದಲು ಕಲ್ಲೋಳದ ಸೇತುವೆ ಮುಳುಗುತ್ತದೆ, ಆಮೇಲೆ ತಗ್ಗಿನ ಹೊಲ, ಆಮೇಲೆ ಊರಿನ ಕೆಳಗಿನ ಓಣಿ. ಕೇಂದ್ರ ಜಲ ಆಯೋಗದ ಮುನ್ಸೂಚನೆಯೂ ಇಂಥ ದೊಡ್ಡ ನದಿಗಳಿಗೆ ಸಿಗುತ್ತದೆ. ಹೊಳೆಯ ನೆರೆಯಿಂದ ಆಗುವ ಆಸ್ತಿ ನಷ್ಟ ಅಪಾರ, ನೀರು ಇಳಿದ ಮೇಲೆ ಕೆಟ್ಟ ಬಾವಿಗಳಿಂದ ಹರಡುವ ರೋಗವೂ ಸಣ್ಣದಲ್ಲ. ಆದರೂ ಜೀವ ಉಳಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಬೆಣ್ಣೆಹಳ್ಳ ಆ ಅವಕಾಶ ಕೊಡುವುದಿಲ್ಲ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಎರೆಭೂಮಿಯ ನೀರನ್ನೆಲ್ಲ ಹೊತ್ತು ಮಲಪ್ರಭೆಗೆ ಸೇರುವ ಈ ಹಳ್ಳ ವರ್ಷದ ಬಹುಪಾಲು ದಿನ ಸಣ್ಣಗೆ ಹರಿಯುತ್ತದೆ. ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕುಗಳು ಮುಚ್ಚಿಕೊಂಡು, ಬಿದ್ದ ನೀರಿನ ಹೆಚ್ಚಿನ ಪಾಲು ಮೇಲೆಯೇ ಹರಿದುಹೋಗುತ್ತದೆ. ಆದ್ದರಿಂದ ಮುಂಗಾರಿನ ಕೊನೆಯಲ್ಲಿ, ಹೊಲವೆಲ್ಲ ನೆನೆದಿರುವ ಕಾಲದಲ್ಲಿ, ಮಧ್ಯಾಹ್ನದ ಗುಡುಗು ಮಳೆ ಮೇಲ್ಭಾಗದ ಊರುಗಳಲ್ಲಿ ಸುರಿದರೆ ಸಾಕು. ಕೆಳಗಿನ ಹೊಲದಲ್ಲಿ ಒಂದು ಹನಿ ಬಿದ್ದಿರದಿದ್ದರೂ, ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ದಾಟಿ ಕೆಲಸಕ್ಕೆ ಹೋದವರಿಗೆ ಸಂಜೆ ಮನೆಗೆ ಮರಳುವ ದಾರಿಯೇ ಇರುವುದಿಲ್ಲ.

ಮಳೆ ಸುರಿದು ಸುಮಾರು ಆರು ಗಂಟೆಯೊಳಗೆ ಏರುವ ನೆರೆಯನ್ನು ನಾವು ಜಲವಿಜ್ಞಾನದಲ್ಲಿ ದಿಢೀರ್ ಪ್ರವಾಹ ಎಂದು ಪರಿಗಣಿಸುತ್ತೇವೆ. ಅದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಹತ್ತು ಚದರ ಕಿಲೋಮೀಟರ್ ಪ್ರದೇಶದಲ್ಲಿ ಒಂದು ಗಂಟೆಯಲ್ಲಿ 10 ಸೆಂಟಿಮೀಟರ್ ಮಳೆಯಾದರೆ ಬೀಳುವ ನೀರು ನೂರು ಕೋಟಿ ಲೀಟರ್. ಅದರಲ್ಲಿ ಅರ್ಧದಷ್ಟು ಮಣ್ಣಿಗೆ ಇಂಗಿ, ಉಳಿದರ್ಧ ಒಂದೇ ಗಂಟೆಯಲ್ಲಿ ಹಳ್ಳ ಸೇರಿದರೂ ಹರಿವು ಸುಮಾರು 4,900 ಕ್ಯೂಸೆಕ್ ಆಗುತ್ತದೆ. ಬೇಸಿಗೆಯಲ್ಲಿ ಮಕ್ಕಳು ಜಿಗಿದು ದಾಟುವ ಹಳ್ಳದ ಪಾತ್ರದಲ್ಲಿ ಇದು ಹಿಡಿಯುವ ಮಾತೇ ಇಲ್ಲ.

ಜನ ಸಾಮಾನ್ಯವಾಗಿ ಆಳವನ್ನು ನೋಡಿ ಅಪಾಯ ಅಳೆಯುತ್ತಾರೆ. ಕೊಲ್ಲುವುದು ಬಹುಮಟ್ಟಿಗೆ ವೇಗ. ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೊಣಕಾಲುದ್ದ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವಾಗ ಎರಡು ಕಾಲುಗಳ ಮೇಲೆ ಬೀಳುವ ಒತ್ತಡ ಎಂಟೊಂಬತ್ತು ಕಿಲೋ ಭಾರಕ್ಕೆ ಸಮ. ವೇಗ ಮೂರು ಮೀಟರ್ ಆದರೆ ಅದೇ ಆಳದಲ್ಲಿ ಒತ್ತಡ ಒಂಬತ್ತು ಪಟ್ಟಾಗಿ 70 ಕಿಲೋ ಮೀರುತ್ತದೆ. ಕಾಲಡಿಯ ಮರಳೂ ಕೊಚ್ಚಿಹೋಗುತ್ತಿರುವಾಗ ಯಾವ ಗಟ್ಟಿಗನೂ ಅದಕ್ಕೆ ಎದುರು ನಿಲ್ಲಲಾರ. ಕಾರಿನೊಳಗೆ ಕುಳಿತವರ ಧೈರ್ಯಕ್ಕೂ ಆಧಾರವಿಲ್ಲ. ಸುಮಾರು 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಹರಿವು ಹೆಚ್ಚಿನ ವಾಹನಗಳನ್ನು ಎಳೆದೊಯ್ಯಬಲ್ಲದು. ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿರುವಾಗ ಅದರಡಿಯಲ್ಲಿ ರಸ್ತೆ ಉಳಿದಿದೆಯೇ ಎಂಬುದೂ ಚಾಲಕನಿಗೆ ಕಾಣುವುದಿಲ್ಲ.

ಮಲೆನಾಡಿನಲ್ಲಿ ಇದಕ್ಕೆ ಮಣ್ಣು, ಬಂಡೆ, ಮರ ಸೇರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜರಿದದ್ದನ್ನು ನಾವು ಕಂಡಿದ್ದೇವೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ನಾಶಮಾಡಿದ ಕೆಸರಿನ ಪ್ರವಾಹ ಸುಮಾರು 8 ಕಿಲೋಮೀಟರ್ ಹರಿದಿತ್ತು; ಮಲಗಿದ್ದ ಊರಿಗೆ ಎಚ್ಚರವಾಗುವಷ್ಟೂ ಹೊತ್ತು ಸಿಗಲಿಲ್ಲ. ಘಟ್ಟದ ಮನೆಗಳವರಿಗೆ ನಾನು ಒತ್ತಿ ಹೇಳುವ ಒಂದು ಲಕ್ಷಣವಿದೆ. ಜೋರು ಮಳೆಯ ನಡುವೆ ತೊರೆಯ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಸಮಾಧಾನಪಡಬೇಡಿ. ಮೇಲೆಲ್ಲೋ ಕುಸಿದ ಮಣ್ಣು ನೀರನ್ನು ಕಟ್ಟಿ ಹಿಡಿದಿರಬಹುದು. ಆ ಕಟ್ಟು ಒಡೆಯುವ ಮೊದಲು, ಸಾಮಾನು ಕಟ್ಟುವ ಗೋಜಿಗೆ ಹೋಗದೆ, ತೊರೆಯಿಂದ ಪಕ್ಕಕ್ಕೆ, ಎತ್ತರದ ಕಡೆಗೆ ಹೋಗಬೇಕು. ತೊರೆಯ ಜಾಡಿನಲ್ಲೇ ಕೆಳಗೆ ಓಡಬಾರದು.

ನಗರದಲ್ಲಿ ಕಾಂಕ್ರೀಟು ನೆನೆದ ಎರೆಮಣ್ಣಿನ ಕೆಲಸವನ್ನೇ ಮಾಡುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಮೃತಪಟ್ಟರು. ಅಲ್ಲಿ ಹತ್ತಿರದಲ್ಲಿ ಹೊಳೆಯಿಲ್ಲ, ಹಳ್ಳವೂ ಇಲ್ಲ.

ಭಾರತೀಯ ಹವಾಮಾನ ಇಲಾಖೆ 2020ರಿಂದ ದಿಢೀರ್ ಪ್ರವಾಹದ ಮಾರ್ಗದರ್ಶಿ ಸೂಚನೆ ನೀಡುತ್ತಿದ್ದು, ಅಪಾಯದ ಸಾಧ್ಯತೆಯನ್ನು ಆರು ಗಂಟೆ ಮೊದಲೇ ತಿಳಿಸಲು ಪ್ರಯತ್ನಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆದರೆ ಮಾಹಿತಿ ಹಳ್ಳದ ದಂಡೆಗೆ ತಲುಪುವ ಕೊನೆಯ ಕೊಂಡಿ ದುರ್ಬಲವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲ್ಭಾಗದ ಪಂಚಾಯಿತಿಯ ಮಳೆಯ ಸುದ್ದಿ ಕೆಳಭಾಗದ ಪಂಚಾಯಿತಿಗೆ ಆ ಕ್ಷಣವೇ ಹೋಗಬೇಕು. ತಗ್ಗು ಸೇತುವೆಯ ಎರಡೂ ತುದಿಗೆ ಅಡ್ಡಗೇಟು ಇರಬೇಕು, ಅದನ್ನು ಮುಚ್ಚುವ ಅಧಿಕಾರ ಮೇಲಿನ ಆದೇಶಕ್ಕೆ ಕಾಯದೆ ಸ್ಥಳೀಯರ ಕೈಯಲ್ಲಿರಬೇಕು. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುವುದರಿಂದ ಗೇಟು ಮುಚ್ಚಿರಬೇಕಾದದ್ದು ಹೆಚ್ಚಿನ ಸಂದರ್ಭಗಳಲ್ಲಿ ಕೆಲವೇ ಗಂಟೆ. ಅಷ್ಟು ಹೊತ್ತು ಬಸ್ಸು ಈ ದಂಡೆಯಲ್ಲೇ ನಿಂತರೆ ಚಾಲಕನನ್ನು ತಡವಾಯಿತೆಂದು ಯಾರೂ ಪ್ರಶ್ನಿಸಬಾರದು.