ನಾಯಿ-ಬೆಕ್ಕಿನ ಊಟ: ಪ್ಯಾಕೆಟ್ಟಿಗೂ ಮುದ್ದೆಗೂ ಒಂದೇ ಲೆಕ್ಕ

ಪ್ರಾಣಿಗಳ ಆಹಾರದ ಪಾಠವನ್ನು ನನ್ನ ಜೊತೆ ಓದುತ್ತಿರುವ ಮೈಸೂರು, ಮಂಡ್ಯದ ಗೆಳೆಯರಿಗಾಗಿ ಈ ಟಿಪ್ಪಣಿ. ನಮ್ಮ ಕಡೆ ಒಂದು ಮನೆಯಲ್ಲಿ ನಾಯಿಗೆ ಪ್ಯಾಕೆಟ್ ಫುಡ್, ಪಕ್ಕದ ಮನೆಯಲ್ಲಿ ಮುದ್ದೆ, ಹಾಲು, ಉಳಿದ ಸಾರು. ಯಾವುದು ಒಳ್ಳೆಯದು ಅಂತ ಸುಮ್ನೆ ವಾದ ಮಾಡೋದು ಬೇಡ. ಎರಡನ್ನೂ ಒಂದೇ ಅಳತೆಯಲ್ಲಿ ನೋಡಬಹುದು. ಅದೇ ಒಣ ಪದಾರ್ಥದ, ಅಂದರೆ ನೀರು ಕಳೆದು ಉಳಿಯುವ ಭಾಗದ ಲೆಕ್ಕ. ಹಸುವಿನ ಮೇವಿನ ಪಾಠದಲ್ಲಿ ಇದನ್ನು ಓದಿದ್ದೇವೆ, ಅಲ್ವಾ?

ಮೊದಲು ನೀರನ್ನು ಕಳೆಯಿರಿ

ಒಂದು ವೆಟ್ ಫುಡ್ ಪೌಚ್ ಮೇಲೆ ಪ್ರೋಟೀನ್ 9%, ತೇವಾಂಶ 80% ಅಂತ ಇದೆ ಅಂದುಕೊಳ್ಳಿ. ಪಕ್ಕದ ಡ್ರೈ ಫುಡ್ ಮೇಲೆ ಪ್ರೋಟೀನ್ 24%, ತೇವಾಂಶ 10%. ನೋಡಿದ ತಕ್ಷಣ ಡ್ರೈ ಫುಡ್ಡೇ ಜಾಸ್ತಿ ಅನ್ನಿಸುತ್ತದೆ. ನೀರು ಕಳೆದು ನೋಡಿ. ಪೌಚ್‌ನಲ್ಲಿ ಒಣ ಪದಾರ್ಥ 20 ಭಾಗ, ಅದರಲ್ಲಿ 9 ಭಾಗ ಪ್ರೋಟೀನ್, ಅಂದರೆ 45%. ಡ್ರೈ ಫುಡ್‌ನಲ್ಲಿ 90ಕ್ಕೆ 24, ಅಂದರೆ ಸುಮಾರು 27%.

ಹೋಲಿಸಲು ಒಂದು ಮಟ್ಟವೂ ಬೇಕು. ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಎಎಎಫ್‌ಸಿಒ ಸಂಸ್ಥೆ ಒಣ ಪದಾರ್ಥದ ಲೆಕ್ಕದಲ್ಲಿ ಕನಿಷ್ಠ ಪ್ರೋಟೀನ್ ಹೇಳಿದೆ: ದೊಡ್ಡ ನಾಯಿಗೆ 18%, ಮರಿಗೆ 22.5%, ದೊಡ್ಡ ಬೆಕ್ಕಿಗೆ 26%, ಬೆಕ್ಕಿನ ಮರಿಗೆ 30%. ಈ ನಾಲ್ಕು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ.

ಈಗ ನಮ್ಮ ಮುದ್ದೆ

100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಒಣ ಪದಾರ್ಥ ಸುಮಾರು 89 ಗ್ರಾಂ. ಅಂದರೆ 8% ಅಷ್ಟೇ. ಬರೀ ಮುದ್ದೆ ತಿಂದ ನಾಯಿಗೆ ಹೊಟ್ಟೆ ತುಂಬುತ್ತದೆ, ಮೈ ಕಟ್ಟುವುದಿಲ್ಲ. ಅದೇ ಹಿಟ್ಟಿಗೆ 100 ಗ್ರಾಂ ಮೂಳೆ ಇಲ್ಲದ ಚಿಕನ್ ಬೇಯಿಸಿ ಸೇರಿಸಿ. ಹಸಿ ಚಿಕನ್ನಿನ ಲೆಕ್ಕದಲ್ಲಿ ಪ್ರೋಟೀನ್ 21 ಗ್ರಾಂ, ಒಣ ಪದಾರ್ಥ 25 ಗ್ರಾಂ. ಒಟ್ಟು 114ಕ್ಕೆ 28, ಸುಮಾರು 24.5%. ಪ್ರೋಟೀನ್ ಮಟ್ಟ ದಾಟಿತು.

ಆದರೆ ಇಲ್ಲಿಗೇ ನಿಲ್ಲಬೇಡಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ನಮಗೆಲ್ಲ ಗೊತ್ತು. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಚಿಕನ್‌ನಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು, ರಂಜಕ ಮಾತ್ರ ಬೇಕಾದಷ್ಟಿದೆ. ಹಾಗಾಗಿ ಈ ಊಟದಲ್ಲಿ ಕ್ಯಾಲ್ಸಿಯಂ ಸುಮಾರು 0.3%. ದೊಡ್ಡ ನಾಯಿಗೆ ಬೇಕಾದ ಕನಿಷ್ಠ 0.5%. ಅದೂ ಅಲ್ಲದೆ ರಾಗಿಯಲ್ಲಿರುವ ಫೈಟೇಟ್ ಅನ್ನೋ ಪದಾರ್ಥ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಬರೀ ಮಾಂಸ ತಿಂದು ಬೆಳೆದ ಮರಿಗಳ ಕಾಲು ಸೊಟ್ಟ ಆಗೋದು, ಮೂಳೆ ಮುರಿಯೋದು ಇದೇ ಕಾರಣಕ್ಕೆ. ಒಂದು ಗ್ರಾಂ ಮೊಟ್ಟೆ ಚಿಪ್ಪಿನ ನುಣ್ಣನೆ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದನ್ನು ಸೇರಿಸಿದರೆ ಈ ಊಟ 0.6% ದಾಟುತ್ತದೆ. ಆಮೇಲೂ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ ಕೊರತೆ ಉಳಿದುಕೊಳ್ಳುತ್ತದೆ. ದಿನವೂ ಮನೆ ಊಟವೇ ಹಾಕುವವರು ಪಶುವೈದ್ಯರ ಹತ್ತಿರ ಒಂದು ಸಲ ಪಟ್ಟಿ ಬರೆಸಿಕೊಳ್ಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾಗಂತ ದೊಡ್ಡ ತಳಿಯ ಮರಿಗೆ ಪ್ಯಾಕೆಟ್ ಫುಡ್ ಜೊತೆ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಜಾಸ್ತಿ ಆದರೂ ಅದರ ಮೂಳೆ ಕೆಡುತ್ತದೆ.

ಅಂಕಿಯ ಹಿಂದೆ ಏನಿದೆ

ಲ್ಯಾಬ್‌ನಲ್ಲಿ ಕ್ರೂಡ್ ಪ್ರೋಟೀನ್, ಅಂದರೆ ಪ್ಯಾಕೆಟ್ ಮೇಲಿನ ಪ್ರೋಟೀನ್ ಅಂಕಿ, ಅಳೆಯೋದು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ. ಸಾರಜನಕ ಎಲ್ಲಿಂದ ಬಂತು ಅಂತ ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಆದ ದುರಂತ ಇದಕ್ಕೆ ಸಾಕ್ಷಿ. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಸಾರಜನಕ ತುಂಬಿರುವ ಮೆಲಮಿನ್ ಅನ್ನೋ ರಾಸಾಯನಿಕ ಬೆರೆಸಿದ್ದರು. ಪ್ರೋಟೀನ್ ಅಂಕಿ ಏರಿತು, ನಾಯಿ-ಬೆಕ್ಕುಗಳು ಕಿಡ್ನಿ ಹಾಳಾಗಿ ಸತ್ತವು. ಅದಕ್ಕೇ ಅಂಕಿಯ ಜೊತೆ ಪದಾರ್ಥಗಳ ಪಟ್ಟಿಯನ್ನೂ ಓದಬೇಕು.

ಪಟ್ಟಿ ತೂಕದ ಪ್ರಕಾರ ಇರುತ್ತದೆ, ನೀರೂ ಸೇರಿ. ಮೊದಲಿಗೆ ತಾಜಾ ಚಿಕನ್ ಅಂತಿದ್ದರೂ ಅದರಲ್ಲಿ ಮುಕ್ಕಾಲು ಪಾಲು ನೀರೇ. ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ ಅಂತ ಮೂರು ಕಡೆ ಹಂಚಿದ್ದರೆ ಮೂರನ್ನೂ ಕೂಡಿಸಿ ಯೋಚಿಸಿ. ಪ್ಯಾಕೆಟ್ ಮುಂಭಾಗದ ಚಿತ್ರ, ಪ್ರೀಮಿಯಂ ಅನ್ನೋ ಪದ ಏನನ್ನೂ ಹೇಳುವುದಿಲ್ಲ. ಹಿಂಭಾಗದಲ್ಲಿ ಇದು ಪೂರ್ಣ, ಸಮತೋಲಿತ ಆಹಾರ ಅಂತ ಇದೆಯಾ, ಯಾವ ವಯಸ್ಸಿಗೆ ಅಂತ ಇದೆಯಾ, ಅದು ಮುಖ್ಯ.

ಬೆಕ್ಕು ಸಣ್ಣ ನಾಯಿ ಅಲ್ಲ

ನಾಯಿ ಮನುಷ್ಯರ ಜೊತೆ ಬಾಳಿ ಪಿಷ್ಟ ಅರಗಿಸುವುದನ್ನು ಕಲಿತಿದೆ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್‌ನ ಪ್ರತಿಗಳು ಹೆಚ್ಚಿವೆ ಅಂತ 2013ರಲ್ಲಿ ತೋರಿಸಿದರು. ಬೆಕ್ಕು ಮಾತ್ರ ಇವತ್ತಿಗೂ ಮಾಂಸಾಹಾರಿಯೇ. ಕ್ಯಾರೆಟ್ ತಿಂದು ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮಾಂಸದಲ್ಲಿ ಸಿಗುವ ಟಾರಿನ್ ಅನ್ನೋ ಪೋಷಕಾಂಶವನ್ನೂ ಸಾಕಷ್ಟು ಮಾಡಿಕೊಳ್ಳಲಾರದು. ಟಾರಿನ್ ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ಸಂಬಂಧ ಗೊತ್ತಾಗಿದ್ದು 1987ರಲ್ಲಿ. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು.

ಈಗ ಮೊಸರನ್ನದ ಲೆಕ್ಕ ಹಾಕಿ. 100 ಗ್ರಾಂ ಅಕ್ಕಿ, 100 ಗ್ರಾಂ ಮೊಸರು ಸೇರಿದರೆ ಪ್ರೋಟೀನ್ ಸುಮಾರು 11%. ಬೆಕ್ಕಿಗೆ ಬೇಕಾಗಿದ್ದು 26%. ಟಾರಿನ್ ಅಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಮನೆಯವರು ಸಸ್ಯಾಹಾರಿಗಳಾದರೆ ಬೆಕ್ಕಿಗೆ ಪ್ಯಾಕೆಟ್ ಫುಡ್ಡೇ ದಾರಿ. ಡಾಗ್ ಫುಡ್ ಅನ್ನು ಬೆಕ್ಕಿಗೆ ಹಾಕಬೇಡಿ. ಗೆಂಡೆ ಜಾತಿಯ ಮೀನು ಕೊಡುವುದಾದರೆ ಬೇಯಿಸಿಯೇ ಕೊಡಿ. ಹಸಿಯದರಲ್ಲಿ ವಿಟಮಿನ್ ಬಿ1 ಒಡೆಯುವ ಕಿಣ್ವ ಇರುತ್ತದೆ, ಬೆಂದರೆ ಅದು ಸಾಯುತ್ತದೆ. ಲಿವರ್ ಒಳ್ಳೆಯದೇ, ಆದರೆ ದಿನಾ ಅದೇ ಆದರೆ ವಿಟಮಿನ್ ಎ ಮಿತಿ ಮೀರಿ ಬೆನ್ನುಮೂಳೆ ಬಿಗಿಯುತ್ತದೆ.

ಅಡುಗೆಮನೆ, ಅಂಗಡಿ

ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ಬೆಂದರೂ ಅಷ್ಟೇ. ಹಾಗಾಗಿ ಸಾಂಬಾರು, ಬಿರಿಯಾನಿ ಮಸಾಲೆ ಬೇಡ. ನಾಯಿಗೆ ಒಣದ್ರಾಕ್ಷಿ ಕಿಡ್ನಿಗೆ ವಿಷ. ಪಾಯಸ, ಕೇಸರಿಬಾತ್ ಕೊಡುವ ಅಜ್ಜಿಯರಿಗೆ ಇದನ್ನು ಪ್ರೀತಿಯಿಂದಲೇ ಹೇಳಿ. ಚಾಕೊಲೇಟ್, ಬೆಂದ ಕೋಳಿ ಮೂಳೆ ಕೂಡ ಬೇಡ. ಹಾಲು ಕುಡಿದು ಭೇದಿ ಆದರೆ ನಿಲ್ಲಿಸಿ. ದೊಡ್ಡದಾದ ಮೇಲೆ ಲ್ಯಾಕ್ಟೋಸ್ ಅರಗುವುದು ಕಡಿಮೆ.

ಮೂಟೆ ಬಿಚ್ಚಿ ಲೂಸ್ ಆಗಿ ಮಾರುವ ಡ್ರೈ ಫುಡ್ ಅಗ್ಗ ಅಂತ ತರಬೇಡಿ. ಗಾಳಿಗೆ ಕೊಬ್ಬು ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಅಫ್ಲಾಟಾಕ್ಸಿನ್ ಅನ್ನೋ ವಿಷ ನಾಯಿಯ ಲಿವರ್ ಅನ್ನೇ ಕೊಲ್ಲುತ್ತದೆ. ತಯಾರಾದ ತಾರೀಕು, ಬ್ಯಾಚ್ ನಂಬರ್ ಕಾಣುವ ಸಣ್ಣ ಪ್ಯಾಕೆಟ್ ವಾಸಿ.

ಊಟ ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ, 7 ದಿನದಲ್ಲಿ ಪೂರ್ತಿ ಬದಲಿಸಿ. ಹಸಿವಾದರೆ ತಾನೇ ತಿನ್ನುತ್ತೆ ಬಿಡಿ ಅನ್ನೋ ಮಾತನ್ನು ಬೆಕ್ಕಿನ ವಿಷಯದಲ್ಲಿ ಕೇಳಲೇಬೇಡಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಒಂದು ದಿನ ಪೂರ್ತಿ ಬಟ್ಟಲು ಮುಟ್ಟಲಿಲ್ಲ ಅಂದರೆ ಹಳೆಯ ಊಟವನ್ನೇ ಕೊಡಿ. ಅದನ್ನೂ ತಿನ್ನದಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.